ವೋಡ್ಕಾಕ್ಕೂ ರುಚಿಯಿದೆ: ಬಾರ್ ಕೌಂಟರಿನಿಂದ ನನ್ನ ಅನುಭವ

ಬೆಂಗಳೂರಿನ ನಮ್ಮ ಬಾರಿನಲ್ಲಿ ಜಿನ್ ಕೇಳುವವರು ಹೆಸರು ಹಿಡಿದೇ ಕೇಳುತ್ತಾರೆ. ವಿಸ್ಕಿಯವರಂತೂ ಎಷ್ಟು ವರ್ಷದ್ದು, ಯಾವ ಪೀಪಾಯಿಯದ್ದು ಎಂದು ವಿಚಾರಿಸಿದ ಮೇಲೇ ಮುಂದಿನ ಮಾತು. ವೋಡ್ಕಾಗೆ ಬಂದರೆ ಮಾತ್ರ "ಯಾವುದಾದ್ರೂ ಹಾಕಿ, ಎಲ್ಲ ಒಂದೇ ಅಲ್ವಾ" ಅನ್ನುತ್ತಾರೆ. ಎಲ್ಲ ಒಂದೇ ಅಲ್ಲ. ಕಾಕ್‌ಟೇಲ್ ಮೆನುವಿಗೆ ವೋಡ್ಕಾ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ಇದನ್ನು ಎಷ್ಟೋ ಜನರಿಗೆ ಗ್ಲಾಸಿನಲ್ಲೇ ತೋರಿಸಿದ್ದೇನೆ. ಬಾಯಿಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ.

ಜನ ಹಾಗೆ ನಂಬಿದ್ದಕ್ಕೆ ಕಾರಣವಿದೆ. ವೋಡ್ಕಾ ಎಂದರೆ ವಿಶೇಷ ವಾಸನೆ, ರುಚಿ, ಬಣ್ಣ ಯಾವುದೂ ಇಲ್ಲದ ಮದ್ಯ ಎಂದೇ ಅಮೆರಿಕದ ಕಾನೂನು ದಶಕಗಳ ಕಾಲ ಹೇಳುತ್ತಿತ್ತು. ಆ ಸಾಲನ್ನು ತೆಗೆದುಹಾಕಿದ್ದು 2020ರಲ್ಲಿ. ಅಷ್ಟರೊಳಗೆ ಜಾಹೀರಾತುಗಳು ಅದೇ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದ್ದವು: ಹೆಚ್ಚು ಸಲ ಭಟ್ಟಿ ಇಳಿಸಿದಷ್ಟೂ ಒಳ್ಳೆಯದು, ಹೆಚ್ಚು ಸೋಸಿದಷ್ಟೂ ಒಳ್ಳೆಯದು. ಪೋಲೆಂಡ್, ಸ್ವೀಡನ್ ಕಡೆಯವರು ಯಾವತ್ತೂ ಹೀಗೆ ಯೋಚಿಸಿದವರಲ್ಲ. ರೈ ಎಂಬ ಗೋಧಿಯಂಥ ಧಾನ್ಯದ್ದು ಬೇರೆ, ಆಲೂಗಡ್ಡೆಯದ್ದು ಬೇರೆ ಎನ್ನುವುದು ಅವರಿಗೆ ಊಟದ ಮೇಜಿನ ಮೇಲಿನ ತಿಳಿವಳಿಕೆ. ನಮಗೆ ಸೋನಾ ಮಸೂರಿ ಅನ್ನಕ್ಕೂ ರಾಜಮುಡಿ ಅನ್ನಕ್ಕೂ ಇರುವ ವ್ಯತ್ಯಾಸ ಬಾಯಿಗೆ ಇಟ್ಟ ಕೂಡಲೇ ಗೊತ್ತಾಗುತ್ತದಲ್ಲ, ಹಾಗೆ.

ನಾನು ಮೊದಲು ನೋಡುವುದು ಯಾವುದರಿಂದ ಮಾಡಿದ್ದಾರೆ ಎನ್ನುವುದನ್ನು. ಗೋಧಿಯ ವೋಡ್ಕಾ ನವಿರು, ಹಿಂದೆ ತುಸು ಸೋಂಪಿನ ನೆರಳು. ರೈಯದ್ದರಲ್ಲಿ ಕಾಳುಮೆಣಸಿನ ಚುರುಕು ಇರುತ್ತದೆ, ಬ್ರೆಡ್ಡಿನ ಕಂದು ಅಂಚಿನ ವಾಸನೆ ಇರುತ್ತದೆ. ಆಲೂಗಡ್ಡೆಯದ್ದು ದಪ್ಪ, ನಾಲಿಗೆ ಮೇಲೆ ಸ್ವಲ್ಪ ಜಿಡ್ಡಾಗಿ ಕೂರುತ್ತದೆ, ಮಣ್ಣಿನ ವಾಸನೆ ಸಣ್ಣಗೆ ಬರುತ್ತದೆ. ಮೆಕ್ಕೆಜೋಳದ್ದು ಸಿಹಿಯ ಕಡೆಗೆ ವಾಲುತ್ತದೆ. ದ್ರಾಕ್ಷಿಯದ್ದರಲ್ಲಿ ಹೂವಿನ ಘಮ. ಅಕ್ಕಿಯದ್ದು ಮೃದು, ತಿಳಿ, ಕೊನೆಯಲ್ಲಿ ಗಂಜಿಯಂಥ ಸಿಹಿ.

ಮೂಲವಸ್ತು ಗೊತ್ತಾದರೆ ಸಾಲದು, ಅದರಲ್ಲಿ ಎಷ್ಟನ್ನು ಉಳಿಸಿದ್ದಾರೆ ಎನ್ನುವುದೂ ಬೇಕು. ವೋಡ್ಕಾಕ್ಕೆ ಬಳಸುವ ಸ್ಪಿರಿಟ್ ಕಾಲಂ ಎನ್ನುವ ಎತ್ತರದ ಭಟ್ಟಿ ಗೋಪುರಗಳಲ್ಲಿ ಶೇ. 95–96ರ ಆಲ್ಕೋಹಾಲ್ ಪ್ರಮಾಣದವರೆಗೆ ಏರುತ್ತದೆ. ಆ ಮಟ್ಟದಲ್ಲಿ ಧಾನ್ಯದ ಗುರುತು ಬಹುಪಾಲು ಅಳಿಸಿಹೋಗಿರುತ್ತದೆ. ಉಳಿದ ಚೂರುಪಾರನ್ನು ಇದ್ದಿಲಿನ ಫಿಲ್ಟರ್ ಎಳೆದುಕೊಳ್ಳುತ್ತದೆ. ರುಚಿ ಬೇಕು ಅನ್ನುವ ತಯಾರಕರು ಈ ಎರಡು ಜಾಗಗಳಲ್ಲಿ ಕೈ ಬಿಗಿ ಹಿಡಿಯುತ್ತಾರೆ: ಕಡಿಮೆ ಸಲ ಭಟ್ಟಿ ಇಳಿಸುತ್ತಾರೆ, ಮೊದಲು ಇಳಿಯುವ ಘಾಟಿನ ಭಾಗವನ್ನೂ ಕೊನೆಗೆ ಇಳಿಯುವ ಕಮಟಿನ ಭಾಗವನ್ನೂ ನಿಗಾ ಇಟ್ಟು ಬೇರ್ಪಡಿಸುತ್ತಾರೆ, ನಡುವಿನದ್ದನ್ನು ಸೋಸಿ ಸೋಸಿ ಬೋಳು ಮಾಡುವುದಿಲ್ಲ. ದಕ್ಷಿಣ ಸ್ವೀಡನ್ನಿನ ಬ್ಯಾರೆ ಎಂಬ ಭೂಶಿರದ ಎಳೆ ಆಲೂಗಡ್ಡೆಯಿಂದ ಮಾಡುವ ಕಾರ್ಲ್‌ಸನ್ಸ್ ಗೋಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ರೂಪಿಸಿದ ಬೋರ್ಯೆ ಕಾರ್ಲ್‌ಸನ್ ಹಿಂದೆ ಅಬ್ಸೊಲ್ಯೂಟ್ ವೋಡ್ಕಾವನ್ನು ರೂಪಿಸಿದವರಲ್ಲಿ ಒಬ್ಬರು. ಲೋಕಕ್ಕೆಲ್ಲ ತಿಳಿ ವೋಡ್ಕಾ ಕೊಟ್ಟ ಕೈ ಕೊನೆಗೆ ಒಂದೇ ಸಲ ಭಟ್ಟಿ ಇಳಿಸಿದ, ಆಲೂಗಡ್ಡೆಯ ಗುರುತು ಬಿಡದ ವೋಡ್ಕಾಗೆ ಬಂತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಹಾಗಾಗಿ ಲೇಬಲ್ ಮೇಲೆ "ಏಳು ಸಲ ಭಟ್ಟಿ ಇಳಿಸಿದ್ದು" ಎಂದಿದ್ದರೆ ಅದನ್ನು ನಾನು ಗುಣದ ಅಂಕಪಟ್ಟಿ ಎಂದು ಓದುವುದಿಲ್ಲ.

"ಕ್ರಾಫ್ಟ್" ಎನ್ನುವ ಮುದ್ರೆ ನೋಡಿ ಕೊಳ್ಳುವುದೂ ಇಲ್ಲ. ದೊಡ್ಡ ಕಾರ್ಖಾನೆಯಿಂದ ನ್ಯೂಟ್ರಲ್ ಸ್ಪಿರಿಟ್ (ರುಚಿ, ವಾಸನೆ ತೆಗೆದ ಗಾಢ ಮದ್ಯಸಾರ) ತರಿಸಿ, ನೀರು ಬೆರೆಸಿ, ಸೋಸಿ, ಚಂದದ ಬಾಟಲಿಗೆ ತುಂಬಿ ಮಾರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಮ್ಮಲ್ಲಿ ಆ ಸ್ಪಿರಿಟ್ಟಿಗೆ ಇಎನ್‌ಎ (ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್) ಅನ್ನುತ್ತೇವೆ. ಅದು ಧಾನ್ಯದ್ದೂ ಇರಬಹುದು, ಸಕ್ಕರೆ ಕಾರ್ಖಾನೆಯ ಕಾಕಂಬಿಯದ್ದೂ ಇರಬಹುದು. ಕಾಕಂಬಿಯದ್ದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಒಳ್ಳೆಯ ರಮ್ ಬರುವುದೂ ಅಲ್ಲಿಂದಲೇ. ಆದರೆ ಧಾನ್ಯದ ರುಚಿ ಹುಡುಕುವವರಿಗೆ ಅದರಲ್ಲಿ ಅದು ಸಿಗುವುದಿಲ್ಲ. ಯುರೋಪಿನ ನಿಯಮದಲ್ಲಿ ಧಾನ್ಯ ಅಥವಾ ಆಲೂಗಡ್ಡೆ ಬಿಟ್ಟು ಬೇರೆಯದರಿಂದ ಮಾಡಿದರೆ ಯಾವುದರಿಂದ ಎಂದು ಲೇಬಲ್ ಮೇಲೆ ಹೇಳಲೇಬೇಕು. ನಾನು ಕಂಪನಿಯ ಮಾರಾಟದವರು ಬಂದಾಗ ಕೇಳುವ ಮೊದಲ ಪ್ರಶ್ನೆಯೇ ಇದು: ಹುದುಗಿಸುವ ಕೆಲಸ ನಿಮ್ಮಲ್ಲೇ ಆಗುತ್ತದೋ, ಸ್ಪಿರಿಟ್ ಹೊರಗಿಂದ ಬರುತ್ತದೋ? ನೇರವಾಗಿ ಉತ್ತರ ಕೊಟ್ಟವರ ಬಾಟಲಿ ರುಚಿ ನೋಡುವ ಮೇಜಿಗೆ ಬರುತ್ತದೆ.

ಇನ್ನು ರುಚಿ ನೋಡುವ ಬಗೆ. ಬಾರ್ ತೆರೆಯುವ ಮುಂಚೆ, ಮಧ್ಯಾಹ್ನ ಊಟಕ್ಕೆ ಮೊದಲು ಕೂರುತ್ತೇನೆ. ಮಸಾಲೆ ಊಟ ಆದ ಮೇಲೆ ನಾಲಿಗೆ ಈ ಕೆಲಸಕ್ಕೆ ಬಾರದು. ಬಾಯಿ ಕಿರಿದಾದ ಸಣ್ಣ ಗ್ಲಾಸುಗಳಿಗೆ 20 ಎಂ.ಎಲ್. ಹಾಕಿ, ಬಾಟಲಿಗಳನ್ನು ಮರೆಮಾಡಿ, ಗ್ಲಾಸಿನ ತಳಕ್ಕೆ ಗುರುತಿನ ಚೀಟಿ ಅಂಟಿಸುತ್ತೇನೆ. ಫ್ರಿಜ್ಜಿನಿಂದ ತೆಗೆದದ್ದು ಬೇಡವೇ ಬೇಡ. ತಣ್ಣಗಾದಷ್ಟೂ ವಾಸನೆ ಏಳುವುದು ಕಡಿಮೆ, ದ್ರವ ಮಂದವಾಗುತ್ತದೆ, ಒರಟು ವೋಡ್ಕಾವೂ ನುಣುಪಾಗಿ ತೋರುತ್ತದೆ. ಕೋಣೆಯ ಬಿಸಿಯಲ್ಲೇ ಅದರ ನಿಜ ತಿಳಿಯುವುದು.

ಮೂಗನ್ನು ಗ್ಲಾಸಿನೊಳಗೆ ಇಳಿಸಬಾರದು, ಘಾಟು ಹೊಡೆದರೆ ಮುಂದಿನ ಐದು ನಿಮಿಷ ಏನೂ ತಿಳಿಯದು. ಗ್ಲಾಸಿನ ಅಂಚಿಗಿಂತ ಮೇಲೆ ಹಿಡಿದು, ಬಾಯಿ ಅರೆ ತೆರೆದು ಮೆಲ್ಲಗೆ ಎಳೆದುಕೊಳ್ಳುತ್ತೇನೆ. ಆಮೇಲೆ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಸ್ಪಿರಿಟ್ ಆರುವವರೆಗೆ ಕಾದು ಮೂಸುತ್ತೇನೆ. ಎಸೆನ್ಸ್ ಬೆರೆಸಿದ್ದರೆ ಅದು ಇಲ್ಲೇ ಸಿಕ್ಕಿಬೀಳುವುದುಂಟು: ವೆನಿಲ್ಲಾದಂಥ, ಮಿಠಾಯಿಯಂಥ ವಾಸನೆ ಅಂಗೈಯಲ್ಲಿ ಅಂಟಿಕೊಂಡು ಉಳಿಯುತ್ತದೆ. ಧಾನ್ಯದ್ದಾದರೆ ಒದ್ದೆ ಹಿಟ್ಟಿನ, ಹುರಿದ ಕಾಳಿನ ವಾಸನೆ ಸಣ್ಣಗೆ ಬಂದು ಹೋಗುತ್ತದೆ.

ಮುಂದಿನದ್ದು ನನಗೆ ಎಲ್ಲಕ್ಕಿಂತ ಮುಖ್ಯ: ವೋಡ್ಕಾದಷ್ಟೇ ನೀರು ಬೆರೆಸಿ ಹತ್ತು ನಿಮಿಷ ಬಿಡುವುದು. ಶೇ. 40ರಷ್ಟಿರುವುದು 20ಕ್ಕೆ ಇಳಿಯುತ್ತದೆ. ಸ್ಪಿರಿಟ್ಟಿನ ಉರಿ ಹಿಂದೆ ಸರಿದು, ಅದು ಮುಚ್ಚಿಟ್ಟಿದ್ದು ಹೊರಗೆ ಬರುತ್ತದೆ. ಒಳ್ಳೆಯದಿದ್ದರೆ ಒಳ್ಳೆಯದು, ಕಹಿ ಒಗರು ಇದ್ದರೆ ಅದೂ. ಕಾಕ್‌ಟೇಲಿಗೆ ಹೋದಾಗ ವೋಡ್ಕಾ ಹೇಗೂ ಐಸಿನ ನೀರಿನ ಜೊತೆಗೇ ಬಾಳಬೇಕು. ಮಾರ್ಟಿನಿಗೆಂದು 60 ಎಂ.ಎಲ್. ವೋಡ್ಕಾ, 10 ಎಂ.ಎಲ್. ಒಣ ವರ್ಮೂತ್ (ಗಿಡಮೂಲಿಕೆ ಬೆರೆಸಿದ, ಸಿಹಿ ಕಡಿಮೆಯ ವೈನು) ಹಾಕಿ ಐಸಿನಲ್ಲಿ ತಿರುವಿದರೆ ಸುಮಾರು ಕಾಲುಭಾಗದಷ್ಟು ನೀರು ಸೇರುತ್ತದೆ. ಗ್ಲಾಸಿಗೆ ಬರುವ ಹೊತ್ತಿಗೆ ಶೇ. 40ರ ವೋಡ್ಕಾದ ಮಾರ್ಟಿನಿ ಶೇ. 29ರ ಆಸುಪಾಸಿನಲ್ಲಿ, ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಶೇ. 42.8ರದ್ದು ಶೇ. 31ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದೆನಿಸಿದರೂ ಕುಡಿಯುವವರಿಗೆ ಗೊತ್ತಾಗುತ್ತದೆ. ಯುರೋಪಿನಲ್ಲಿ ಕನಿಷ್ಠ ಶೇ. 37.5 ಇದ್ದರೆ ಸಾಕು. ಆ ಅಂಚಿನ ವೋಡ್ಕಾ ಮಾರ್ಟಿನಿಯಲ್ಲಿ ಬೇಗ ಸೊರಗುತ್ತದೆ.

ನೀರು ಬೆರೆಸಿ ನೋಡಿದಾಗ ಇನ್ನೊಂದೂ ತಿಳಿಯುತ್ತದೆ. ಕೆಲವು ವೋಡ್ಕಾಗಳ ಮೃದುತ್ವ ಧಾನ್ಯದ್ದಲ್ಲ, ಸಕ್ಕರೆಯದ್ದು. ಅಮೆರಿಕದ ನಿಯಮ ಲೀಟರಿಗೆ 2 ಗ್ರಾಂ ಸಕ್ಕರೆ, 1 ಗ್ರಾಂ ಸಿಟ್ರಿಕ್ ಆಮ್ಲದವರೆಗೆ ಬೆರೆಸಲು ಬಿಡುತ್ತದೆ; ಯುರೋಪಿನಲ್ಲಿ ಸಿಹಿಗೆ ಲೀಟರಿಗೆ 8 ಗ್ರಾಂವರೆಗೆ ಅವಕಾಶವಿದೆ. ಧಾನ್ಯದ ಸಿಹಿ ನಾಲಿಗೆಯ ನಡುವಿನಲ್ಲಿ ಬಂದು ಕರಗಿಹೋಗುತ್ತದೆ. ಬೆರೆಸಿದ ಸಿಹಿ ತುಟಿಗೆ ಅಂಟುತ್ತದೆ, ನುಂಗಿದ ಮೇಲೂ ಹೋಗುವುದಿಲ್ಲ. ನಿಂಬೆರಸ, ಸಿರಪ್ ಇರುವ ಕಾಕ್‌ಟೇಲಿನಲ್ಲಿ ಈ ಹೆಚ್ಚುವರಿ ಸಿಹಿ ಅಳತೆಯನ್ನೇ ಕೆಡಿಸುತ್ತದೆ.

ಖಾಲಿ ಗ್ಲಾಸುಗಳನ್ನು ತೊಳೆಯಲು ಕಳಿಸುವುದಿಲ್ಲ. ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಮೂಸುತ್ತೇನೆ. ಹಾಸನ ಕಡೆಯ ಹುಡುಗನೊಬ್ಬ ನಮ್ಮಲ್ಲಿ ಹೊಸದಾಗಿ ಸೇರಿದ್ದ. "ಅಣ್ಣಾ, ಖಾಲಿ ಗ್ಲಾಸಲ್ಲಿ ಏನ್ ವಾಸನೆ ಇರುತ್ತೆ?" ಎಂದ. ರೈ ಇದ್ದ ಗ್ಲಾಸನ್ನು ಕೈಗೆ ಕೊಟ್ಟೆ. ಮೂಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಕರಿ ಮುಂದೆ ಹೋದಂಗಾಗುತ್ತೆ" ಅಂದ. ಅವತ್ತಿನಿಂದ ರುಚಿ ನೋಡುವಾಗ ಅವನೂ ನನ್ನ ಪಕ್ಕದಲ್ಲಿರುತ್ತಾನೆ. ಅವನ ಮೂಗು ಈಗ ನನ್ನದಕ್ಕಿಂತ ಚುರುಕು.

ಹೊಸಬರಿಗೆ ಕಲಿಸಲು ಪೋಲೆಂಡಿನ ಶೋಪ್ಯಾಂ ವೋಡ್ಕಾ ಬಹಳ ಅನುಕೂಲ. ಒಂದೇ ತಯಾರಕರು ಆಲೂಗಡ್ಡೆ, ರೈ, ಗೋಧಿ ಮೂರರಿಂದಲೂ ಬೇರೆ ಬೇರೆ ವೋಡ್ಕಾ ಮಾಡುತ್ತಾರೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಬೆಳೆಯದ್ದೇ ಎಂದು ಗೊತ್ತಾಗುತ್ತದೆ. ಇನ್ನೂ ಒಳಗೆ ಹೋಗುವವರಿಗೆ ಬೆಲ್ವೆಡೇರ್ ಕಂಪನಿಯ ಸಿಂಗಲ್ ಎಸ್ಟೇಟ್ ಜೋಡಿ ಇದೆ. ಎರಡೂ ರೈ, ಆದರೆ ಒಂದು ಪೋಲೆಂಡಿನ ಪಶ್ಚಿಮದ ಸ್ಮೊಗೂರಿ ಕಾಡಿನ ಬಳಿಯ ಹೊಲದ್ದು, ಇನ್ನೊಂದು ಉತ್ತರದಲ್ಲಿ ಚಳಿ ಹೆಚ್ಚಿರುವ ಬಾರ್ತೆಂಝೆಕ್ ಕೆರೆಯ ಕಡೆಯದ್ದು. ಮೊದಲನೆಯದು ನನ್ನ ಬಾಯಿಗೆ ಉಪ್ಪು ಬೆರೆತ ಕ್ಯಾರಮೆಲ್ಲಿನ ಹಾಗೆ ತುಂಬಿ ಬಂತು, ಎರಡನೆಯದು ಹಗುರ, ತಣ್ಣನೆಯ ಮೆಣಸು. ಇಂಥ ಬಾಟಲಿಗಳು ಇಲ್ಲಿ ಯಾವಾಗಲೂ ಸಿಗುವುದಿಲ್ಲ. ವಿದೇಶದಿಂದ ಬರುವ ಗೆಳೆಯರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಒಬ್ಬರು 2 ಲೀಟರ್ ತರಬಹುದು. ಅವು ಕಲಿಯುವುದಕ್ಕೆ ಮಾತ್ರ. ಮಾರುವುದೆಲ್ಲ ರಾಜ್ಯ ಸರ್ಕಾರದ ಪಾನೀಯ ನಿಗಮದ ದಾರಿಯಿಂದ ಬಂದದ್ದೇ.

ಈ ರುಚಿಯೆಲ್ಲ ಕಾಕ್‌ಟೇಲಿನಲ್ಲಿ ಉಳಿಯುತ್ತದೆಯೇ? ಎಲ್ಲದರಲ್ಲೂ ಉಳಿಯುವುದಿಲ್ಲ. ಮಾಸ್ಕೋ ಮ್ಯೂಲ್ ತಗೊಳ್ಳಿ. 1940ರ ದಶಕದ ಅಮೆರಿಕದಲ್ಲಿ ವೋಡ್ಕಾ ಮಾರಲು ಹೆಣಗುತ್ತಿದ್ದವರಿಗೆ ದಾರಿ ಮಾಡಿಕೊಟ್ಟ ಪಾನೀಯ ಅದು. ಶುಂಠಿಯ ಖಾರ, ನಿಂಬೆಯ ಹುಳಿ, ಅದರ ಮೇಲೆ ಗ್ಯಾಸು. ಇದರಡಿ ಯಾವ ರೈಯೂ ಕಾಣಿಸಿಕೊಳ್ಳುವುದು ಕಷ್ಟ. ಅಲ್ಲಿಗೆ ಶುದ್ಧವಾದ, ಕಹಿಯಿಲ್ಲದ ಸಾಧಾರಣ ಬೆಲೆಯ ಧಾನ್ಯದ ವೋಡ್ಕಾ ಸಾಕು. ಕ್ರ್ಯಾನ್‌ಬೆರಿ ರಸ ಗ್ಲಾಸು ತುಂಬ ಸುರಿಯುವ ಪಾನೀಯಗಳಿಗೂ ಅಷ್ಟೇ. ದುಬಾರಿ ಬಾಟಲಿಯನ್ನು ಅದರಲ್ಲಿ ಮುಳುಗಿಸಿ ಗಿರಾಕಿಯಿಂದ ಹಣ ಕೀಳುವುದು ನನಗೆ ಒಪ್ಪಿಗೆಯಿಲ್ಲ.

ಮಾರ್ಟಿನಿಯಲ್ಲಿ ವೋಡ್ಕಾಗೆ ಅಡಗಲು ಜಾಗವೇ ಇಲ್ಲ. ಅಲ್ಲಿಗೆ ನನ್ನ ಆಯ್ಕೆ ಆಲೂಗಡ್ಡೆಯದ್ದು. ಗರ್ಕಿನ್ ಸೌತೆಯ ಉಪ್ಪುನೀರು ಒಂದು ಚಮಚ ಹಾಕಿದರಂತೂ ಆ ಜಿಡ್ಡು, ಈ ಉಪ್ಪು ಎರಡೂ ಒಂದನ್ನೊಂದು ಹಿಡಿದೆತ್ತುತ್ತವೆ. ಗೋಧಿಯದ್ದಕ್ಕೆ ನಿಂಬೆಸಿಪ್ಪೆಯ ಎಣ್ಣೆ ಹೊಂದುತ್ತದೆ: ಬಿಳಿ ತೊಗಟೆ ಬಾರದ ಹಾಗೆ ಸಿಪ್ಪೆ ಹೆರೆದು, ಗ್ಲಾಸಿನ ಮೇಲೆ ಹಿಂಡಿ, ಆಚೆ ಹಾಕುವುದು. ಒಳಗೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಇಳಿಯುತ್ತದೆ.

ಬ್ಲಡಿ ಮೇರಿಗೆ ರೈ. ಟೊಮೆಟೊ ರಸ ದಟ್ಟ ಇರುವುದರಿಂದ ವೋಡ್ಕಾ ಮುಚ್ಚಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ರೈಯ ಮೆಣಸಿನ ಗುಣ ಆ ದಟ್ಟಣೆಯನ್ನು ಸೀಳಿಕೊಂಡು ಮೇಲೆ ಬರುತ್ತದೆ. ಗೋಧಿಯದ್ದು ಅದರಲ್ಲಿ ನಿಜಕ್ಕೂ ಕಳೆದುಹೋಗುತ್ತದೆ. ಡಬ್ಬಿಯ ರಸ ನಾನು ಬಳಸುವುದಿಲ್ಲ. ಕೋಲಾರದ ಕಡೆಯಿಂದ ಬರುವ ಹಣ್ಣಿನಲ್ಲಿ ನಾಟಿ ಟೊಮೆಟೊ ಆರಿಸಿ, ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಅರೆದು ಸೋಸುತ್ತೇನೆ. ನಾಟಿಯಲ್ಲಿ ಹುಳಿ ಇರುವುದರಿಂದ ನಿಂಬೆರಸ ಕಡಿಮೆ ಸಾಕು. ಕಾಳುಮೆಣಸನ್ನು ಗ್ಲಾಸಿಗೇ ಕುಟ್ಟಿ ಹಾಕಿ, ಚಿಟಿಕೆ ಸಾರಿನ ಪುಡಿ. ಪುಡಿಯಲ್ಲಿರುವ ಕೊತ್ತಂಬರಿ ಬೀಜ, ಜೀರಿಗೆಗೂ ರೈಗೂ ಮೊದಲಿಂದ ಪರಿಚಯವಿದ್ದ ಹಾಗಿರುತ್ತದೆ. ಉತ್ತರ ಯುರೋಪಿನ ರೈ ಬ್ರೆಡ್ಡಿಗೆ ಶಾಜೀರಿಗೆ, ಕೊತ್ತಂಬರಿ ಬೀಜ ಹಾಕುವ ಪದ್ಧತಿ ಹಳೆಯದು, ಈ ಜೋಡಿ ನನಗೆ ಹೊಳೆದದ್ದೂ ಅಲ್ಲಿಂದಲೇ.

ನಮ್ಮ ಮೆನುವಿನಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಚಕ್ಕೋತದ್ದು. ದೇವನಹಳ್ಳಿ ಚಕ್ಕೋತಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ವಿಮಾನ ನಿಲ್ದಾಣದ ಸುತ್ತ ಜಮೀನೆಲ್ಲ ಸೈಟಾದ ಮೇಲೆ ಮರಗಳು ಕಡಿಮೆಯಾಗಿವೆ, ಸಿಕ್ಕಾಗ ಬಿಡುವುದಿಲ್ಲ. ಈ ಹಣ್ಣನ್ನು ಅಡ್ಡ ಕತ್ತರಿಸಿ ಹಿಂಡಿದರೆ ತೊಳೆಯ ಮೇಲಿನ ಪೊರೆಯಿಂದ ಕಹಿ ಬರುತ್ತದೆ. ತೊಳೆ ಬಿಡಿಸಿ, ಪೊರೆ ಸುಲಿದು, ಬರೀ ತಿರುಳನ್ನು ಬಟ್ಟೆಯಲ್ಲಿ ಕೈಯಿಂದ ಒತ್ತಬೇಕು. ಕೆಲಸ ನಿಧಾನ, ಆದರೆ ಬರುವ ರಸ ತಿಳಿ ಗುಲಾಬಿ ಬಣ್ಣದ್ದು, ಹುಳಿ ಸಿಹಿ ಎರಡೂ ಮೆದು. ಇದಕ್ಕೆ ರೈ ಹಾಕಿದೆ, ಮೆಣಸು ಹಣ್ಣನ್ನು ಹಿಂದಕ್ಕೆ ತಳ್ಳಿತು. ಆಲೂಗಡ್ಡೆಯದ್ದು ಭಾರವಾಯಿತು. ಬಾಸ್ಮತಿ ಅಕ್ಕಿಯಿಂದ ಮಾಡುವ ನಮ್ಮ ದೇಶದ್ದೇ ಸ್ಮೋಕ್ ಲ್ಯಾಬ್ ಹಾಕಿದಾಗ ಹಣ್ಣು ಎದ್ದು ನಿಂತಿತು. ಅಕ್ಕಿಯ ತಿಳಿ ಸಿಹಿ ರಸದ ಕೆಳಗೆ ಹಾಸಿಕೊಂಡಿತು. 45 ಎಂ.ಎಲ್. ವೋಡ್ಕಾ, 60 ಎಂ.ಎಲ್. ರಸ, 10 ಎಂ.ಎಲ್. ನಿಂಬೆರಸ, ಎರಡು ಬೆರಳಿನ ಚಿಟಿಕೆ ಉಪ್ಪು. ಶೇಕರಿನಲ್ಲಿ ಕುಲುಕಿ ಐಸಿನ ಮೇಲೆ ಸೋಸಿ, ತುದಿಗೆ ಸೋಡಾ. ಸಕ್ಕರೆ ಬೇಡ. ಸ್ಮೋಕ್ ಲ್ಯಾಬಿನವರದ್ದೇ ಸೋಂಪಿನ ವೋಡ್ಕಾ ಇದೆ, ಊಟದ ನಂತರದ ಪಾನೀಯಕ್ಕೆ ಒಪ್ಪುತ್ತದೆ, ಚಕ್ಕೋತಕ್ಕೆ ಸೇರುವುದಿಲ್ಲ.

ಎಸ್ಪ್ರೆಸೊ ಮಾರ್ಟಿನಿ ಬಗ್ಗೆ ಬೆಂಗಳೂರಿನಲ್ಲಿ ಹೆಚ್ಚು ಹೇಳಬೇಕಿಲ್ಲ, ಎಲ್ಲ ಟೇಬಲಿನಲ್ಲೂ ಇದೆ. 1980ರ ದಶಕದಲ್ಲಿ ಲಂಡನ್ನಿನ ಡಿಕ್ ಬ್ರಾಡ್‌ಸೆಲ್ ಮಾಡಿದ್ದು. ಚಿಕ್ಕಮಗಳೂರಿನ ಅರೇಬಿಕಾದಿಂದ ಆಗಷ್ಟೇ ತೆಗೆದ ಎಸ್ಪ್ರೆಸೊ ಬೇಕು, ಮೇಲಿನ ನೊರೆ ನಿಲ್ಲುವುದು ಅದರಿಂದ. ಫಿಲ್ಟರ್ ಡಿಕಾಕ್ಷನ್ನಿನಲ್ಲಿ ಆ ನೊರೆ ಬರುವುದಿಲ್ಲ, ಚಿಕೋರಿ ಇದ್ದರೆ ಕಹಿಯೂ ಬೇರೆ ದಿಕ್ಕಿಗೆ ಹೋಗುತ್ತದೆ. ವೋಡ್ಕಾ ಇಲ್ಲಿ ಕಾಫಿಗೆ ಮೈ ಕೊಡಬೇಕು, ಮೆಣಸು ಕೊಡಬಾರದು. ಮೆಕ್ಕೆಜೋಳದ್ದು ಅಥವಾ ಗೋಧಿಯದ್ದು ಸರಿ. ಒಮ್ಮೆ ಇಂಗ್ಲೆಂಡಿನ ಡಾರ್ಸೆಟ್ಟಿನ ಬ್ಲ್ಯಾಕ್ ಕೌ ಸಿಕ್ಕಿತ್ತು. ಹಾಲು ಒಡೆಸಿ, ಗಟ್ಟಿಯನ್ನು ಚೀಸಿಗೆ ತೆಗೆದು, ಉಳಿದ ತಿಳಿನೀರಿನಲ್ಲಿರುವ ಹಾಲಿನ ಸಕ್ಕರೆಯನ್ನು ಹುದುಗಿಸಿ ಮಾಡಿದ ವೋಡ್ಕಾ. ಕಾಫಿಯ ಜೊತೆ ಅದರ ಕೆನೆಯಂಥ ನುಣುಪು ಎಷ್ಟು ಚೆನ್ನಾಗಿ ಕೂತಿತೆಂದರೆ, ಆ ಬಾಟಲಿ ಮುಗಿಯುವವರೆಗೆ ಬೇರೆ ಯಾವುದಕ್ಕೂ ಅದನ್ನು ಮುಟ್ಟಲಿಲ್ಲ.

ಸುವಾಸನೆ ಸೇರಿಸಿದ ವೋಡ್ಕಾಗಳಲ್ಲಿ ನಾನು ಮನಸಾರೆ ಗೌರವಿಸುವುದು ಪೋಲೆಂಡಿನ ಝುಬ್ರುಫ್ಕಾವನ್ನು. ಬಿಯಾವೊವೇಝಾ ಕಾಡಿನ ಯುರೋಪಿಯನ್ ಬೈಸನ್‌ಗಳು ಮೇಯುವ ಹುಲ್ಲಿನ ಘಮ ಅದರಲ್ಲಿದೆ, ಬಾಟಲಿಯೊಳಗೆ ಒಂದು ಎಸಳೂ ಇರುತ್ತದೆ. ಆ ಹುಲ್ಲಿನಲ್ಲಿರುವ ಕೂಮರಿನ್ ಎಂಬ ಅಂಶದಿಂದಾಗಿ ಮೂಲ ರೂಪದ್ದನ್ನು ಅಮೆರಿಕದಲ್ಲಿ ದಶಕಗಳ ಕಾಲ ಮಾರುವಂತಿರಲಿಲ್ಲ. ಸೇಬಿನ ರಸದ ಜೊತೆ ಬೆರೆಸಿದರೆ ಬೇರೇನೂ ಕೇಳುವುದಿಲ್ಲ. ಪೋಲೆಂಡಿನವರು ಕುಡಿಯುವುದೇ ಹಾಗೆ. ಹಸಿರು ಸೇಬು, ಮಾವು ಎಂದು ಬಣ್ಣದ ಲೇಬಲ್ ಹಚ್ಚಿ ಬರುವವನ್ನು ಮಾತ್ರ ಕಾಕ್‌ಟೇಲಿಗೆ ಹಾಕುವುದಿಲ್ಲ. ಮಾವಿನ ಕಾಲದಲ್ಲಿ ಬಾದಾಮಿ ಮಾವು ಕೈಯಲ್ಲೇ ಇರುವಾಗ ಎಸೆನ್ಸ್ ಯಾಕೆ?

ಖರ್ಚಿನ ಲೆಕ್ಕ ಹೇಳಲೇಬೇಕು. 750 ಎಂ.ಎಲ್. ಬಾಟಲಿಯಿಂದ 60 ಎಂ.ಎಲ್. ಅಳತೆಯಲ್ಲಿ 12 ಗ್ಲಾಸು, 45ರ ಅಳತೆಯಲ್ಲಿ 16 ಗ್ಲಾಸು ಬರುತ್ತದೆ. ಬಾಟಲಿಯ ಬೆಲೆಯನ್ನು ಹೀಗೆ ಗ್ಲಾಸಿಗೆ ಭಾಗಿಸಿ ನೋಡಿದರೆ, ಎರಡು ವೋಡ್ಕಾಗಳ ನಡುವೆ ಬಾಟಲಿ ಮೇಲೆ ಭಾರಿ ಎನಿಸಿದ ವ್ಯತ್ಯಾಸ ಗ್ಲಾಸಿಗೆ ಅಷ್ಟೊಂದು ಇರುವುದಿಲ್ಲ. ಮನೆಯಲ್ಲಿ ಕಾಕ್‌ಟೇಲ್ ಮಾಡುವವರಿಗೆ ನಾನು ಹೇಳುವುದು ಎರಡು ಬಾಟಲಿ: ರಸ, ಶುಂಠಿ, ಸೋಡಾಗೆ ಶುದ್ಧವಾದ ಒಂದು ಸಾಧಾರಣ ಧಾನ್ಯದ ವೋಡ್ಕಾ, ಮಾರ್ಟಿನಿಗೆ, ಐಸ್ ಹಾಕಿ ಹಾಗೇ ಕುಡಿಯುವುದಕ್ಕೆ ರೈ ಅಥವಾ ಆಲೂಗಡ್ಡೆಯದ್ದು. ಮೂರನೆಯದಕ್ಕೆ ಹಣ ಇದ್ದರೆ ಅದನ್ನು ಒಳ್ಳೆಯ ವರ್ಮೂತಿಗೆ ಹಾಕಿ. ವರ್ಮೂತ್ ವೈನಿನ ಜಾತಿ, ತೆರೆದ ಮೇಲೆ ಫ್ರಿಜ್ಜಿನಲ್ಲೇ ಇರಬೇಕು. ತಿಂಗಳುಗಟ್ಟಲೆ ಕಪಾಟಿನಲ್ಲಿ ನಿಂತ ವರ್ಮೂತ್ ಎಂಥ ವೋಡ್ಕಾವನ್ನೂ ಹಾಳು ಮಾಡುತ್ತದೆ.

ರುಚಿಗೋಸ್ಕರ ಕೊಂಡ ವೋಡ್ಕಾವನ್ನು ಫ್ರೀಜರಿನಲ್ಲಿ ಇಡಬೇಡಿ. ಬಿಸಿಲು ಬೀಳದ ಕಪಾಟು ಸಾಕು. ಕುಡಿಯುವ ಹೊತ್ತಿಗೆ ಗ್ಲಾಸನ್ನು ತಣ್ಣಗೆ ಮಾಡಿ, ಗಟ್ಟಿ ದೊಡ್ಡ ಐಸಿನ ಮೇಲೆ ಮೂವತ್ತು ಸೆಕೆಂಡು ತಿರುವಿ. ಪುಡಿ ಐಸ್ ಹಾಕಿದರೆ ನೀರು ಬೇಗ ಇಳಿದು ಎಲ್ಲ ತೆಳುವಾಗುತ್ತದೆ. ನಮ್ಮಲ್ಲಿ ಐಸನ್ನು ಸೋಸಿದ ನೀರಿನಿಂದ ನಾವೇ ಮಾಡಿಕೊಳ್ಳುತ್ತೇವೆ, ಯಾಕೆಂದರೆ ಬೋರ್‌ವೆಲ್ ನೀರಿನ ಗಡಸು ರೈಯಲ್ಲಿ ಅಷ್ಟಾಗಿ ಕಾಣದಿದ್ದರೂ ಅಕ್ಕಿಯ ವೋಡ್ಕಾದಲ್ಲಿ ತಕ್ಷಣ ಗೊತ್ತಾಗುತ್ತದೆ.